ಮೇಲ್ ಎಲ್ಲಿ ನಿಂತಿತು? ಸ್ವಂತ ಮೇಲ್ ಸರ್ವರ್ ಕೈಕೊಟ್ಟಾಗ ಹುಡುಕುವ ಬಗೆ

ಸ್ವಂತ ಮೇಲ್ ಸರ್ವರ್ ನಡೆಸುವವರ ಕಿವಿಗೆ ಬೀಳುವ ದೂರು ಎರಡೇ. "ಮೇಲ್ ಹೋಗ್ತಿಲ್ಲ", ಇಲ್ಲವೇ "ಮೇಲ್ ಬರ್ತಿಲ್ಲ". ಹೇಳುವವರಿಗೆ ಅಷ್ಟೇ ಗೊತ್ತು, ಅವರ ತಪ್ಪೇನಿಲ್ಲ. ಆದರೆ ಒಂದು ಮೇಲ್ ಕಳಿಸುವವರ ಫೋನಿನಿಂದ ಹೊರಟು ಓದುವವರ ಪೆಟ್ಟಿಗೆ ಸೇರುವಷ್ಟರಲ್ಲಿ ಐದಾರು ಕೈ ದಾಟಿರುತ್ತದೆ. ಯಾವ ಕೈಯಲ್ಲಿ ನಿಂತಿದೆ ಎಂದು ಗೊತ್ತಾಗುವ ಮುಂಚೆ ಸೆಟ್ಟಿಂಗ್ ತಿದ್ದಲು ಹೊರಟರೆ, ಒಂದು ದೋಷ ಇದ್ದದ್ದು ಮೂರಾಗುತ್ತದೆ. ನಾನು ಹಾಗೆ ಮಾಡಿ ಒಂದಿಡೀ ರಾತ್ರಿ ಕಳೆದಿದ್ದೇನೆ. ಬೆಳಿಗ್ಗೆ ಸಿಕ್ಕ ದೋಷ, ಡೊಮೇನ್ ಹೆಸರಿನ ಕೊನೆಯಲ್ಲಿ ಬಿಟ್ಟುಹೋದ ಒಂದು ಚುಕ್ಕೆ. ಅದರ ಕಥೆ ಮುಂದೆ ಬರುತ್ತದೆ.

ಇಲ್ಲಿ ಬರೆದಿರುವುದು ಲಿನಕ್ಸ್ ಮೇಲೆ, ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಪೆಟ್ಟಿಗೆಯ ಮೇಲನ್ನು ಓದಲು ಕೊಡುವ ಡವ್‌ಕಾಟ್ ಜೋಡಿ ಇದೆ ಎಂದುಕೊಂಡು. ಪೋಸ್ಟ್‌ಫಿಕ್ಸ್ ಬದಲು ಎಕ್ಸಿಮ್ ಬಳಸುವವರಿಗೆ ಕಮಾಂಡುಗಳ ಹೆಸರು ಬೇರೆ, ಹುಡುಕುವ ದಾರಿ ಅದೇ.

ಮೊದಲು ಏನೂ ಕಳೆದುಹೋಗದ ಹಾಗೆ ನೋಡಿಕೊಳ್ಳಿ

ಸರ್ವರ್ ಬಿದ್ದಿದೆ ಎಂದು ಗಾಬರಿ ಬೇಡ. ಈ ವ್ಯವಸ್ಥೆಗೆ ತಾಳ್ಮೆ ಜಾಸ್ತಿ. ನಿಮ್ಮ ಸರ್ವರ್ ಬಾಗಿಲು ತೆರೆಯದಿದ್ದರೆ ಕಳಿಸುವ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ಇಟ್ಟುಕೊಂಡು ಮತ್ತೆ ಮತ್ತೆ ಬಂದು ತಟ್ಟುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಹೀಗೆ ಕಾಯುತ್ತದೆ. ಆದ್ದರಿಂದ ಅರ್ಧ ದಿನ ಸರ್ವರ್ ಮುಚ್ಚಿದ್ದರೂ ಬರಬೇಕಾದ ಮೇಲ್ ಸಾಮಾನ್ಯವಾಗಿ ಬಂದೇ ಬರುತ್ತದೆ.

ನಿಜವಾದ ನಷ್ಟ ಆಗುವುದು ಸರ್ವರ್ ಎದ್ದು ಕೂತು ತಪ್ಪು ಉತ್ತರ ಕೊಟ್ಟಾಗ. "ಈ ಹೆಸರಿನವರು ಇಲ್ಲಿಲ್ಲ" ಎಂದು 550 ಹೇಳಿಬಿಟ್ಟರೆ ಕಳಿಸಿದ ಸರ್ವರ್ ಆ ಮೇಲನ್ನು ಅಲ್ಲಿಗೇ ಕೈಬಿಟ್ಟು, ಬರೆದವರಿಗೆ ವಾಪಸ್ ಮಾಡುತ್ತದೆ. ಅದಕ್ಕೇ ರಿಪೇರಿಗೆ ಕೂರುವ ಮುಂಚೆ ಪೋಸ್ಟ್‌ಫಿಕ್ಸಿನ ಮುಖ್ಯ ಫೈಲಿನಲ್ಲಿ ಸಾಫ್ಟ್ ಬೌನ್ಸ್ ಎಂಬ ಸೆಟ್ಟಿಂಗಿಗೆ "ಯೆಸ್" ಕೊಡಿ. ಆಗ 5ರಿಂದ ಶುರುವಾಗುವ ಕಟುವಾದ ಉತ್ತರಗಳೆಲ್ಲ 4ರಿಂದ ಶುರುವಾಗುವ "ಆಮೇಲೆ ಬಾ" ಉತ್ತರಗಳಾಗುತ್ತವೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಮರೆತರೆ ತಪ್ಪು ವಿಳಾಸಕ್ಕೆ ಬರೆದ ಮೇಲ್ ಕೂಡ ಐದು ದಿನ ಕ್ಯೂನಲ್ಲೇ ಸುತ್ತುತ್ತದೆ, ಅಲ್ಲಿಯವರೆಗೆ ವಿಳಾಸ ತಪ್ಪು ಎಂದು ಬರೆದವರಿಗೆ ಗೊತ್ತೇ ಆಗುವುದಿಲ್ಲ.

ಸೆಟ್ಟಿಂಗ್ ಫೈಲುಗಳ ಒಂದು ಪ್ರತಿ ಪಕ್ಕಕ್ಕೆ ತೆಗೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಒಂದೇ ಒಂದು ಮೇಲ್ ಹಿಡಿದು ಹಿಂಬಾಲಿಸಿ

"ಯಾವ ಮೇಲೂ ಹೋಗ್ತಿಲ್ಲ" ಎನ್ನುವುದನ್ನು ನಂಬಬೇಡಿ. ಒಂದು ಮೇಲ್ ನೀವೇ ಕಳಿಸಿ, ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ. ಈಗ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ, ತೆರೆಯಿರಿ. ಕೆಲವು ಲಿನಕ್ಸ್‌ಗಳಲ್ಲಿ ಅದು ಮೇಲ್ ಲಾಗ್ ಎಂಬ ಫೈಲಿನಲ್ಲಿರುತ್ತದೆ. ಆ ಫೈಲೇ ಕಾಣದಿದ್ದರೆ ಜರ್ನಲ್‌ಸಿಟಿಎಲ್ ಕಮಾಂಡಿನಿಂದ ನೋಡಬೇಕು.

ಪೋಸ್ಟ್‌ಫಿಕ್ಸ್ ಕೈಗೆ ಬಂದ ಪ್ರತಿ ಮೇಲಿಗೂ ಅಕ್ಷರ, ಅಂಕಿ ಬೆರೆತ ಒಂದು ಕ್ಯೂ ಐಡಿ ಕೊಡುತ್ತದೆ. ನಿಮ್ಮ ವಿಳಾಸವನ್ನು ಲಾಗಿನಲ್ಲಿ ಹುಡುಕಿ ಆ ಐಡಿ ಹಿಡಿಯಿರಿ. ಆಮೇಲೆ ಆ ಐಡಿಯನ್ನೇ ಗ್ರೆಪ್ ಕಮಾಂಡಿನಿಂದ ಲಾಗಿನಲ್ಲಿ ಹುಡುಕಿ. ಆ ಒಂದು ಮೇಲಿನ ಜಾತಕ ಪೂರ್ತಿ ನಾಲ್ಕೈದು ಸಾಲಿನಲ್ಲಿ ಎದುರಿಗೆ ಬರುತ್ತದೆ.

ಐಡಿಯೇ ಇಲ್ಲದಿದ್ದರೆ? ಆಗ ಮೇಲ್ ನಿಮ್ಮ ಪೋಸ್ಟ್‌ಫಿಕ್ಸಿನ ಒಳಗೆ ಬಂದೇ ಇಲ್ಲ. ದೋಷ ಲಾಗಿನ್, ಸರ್ಟಿಫಿಕೇಟ್ ಅಥವಾ ಫೈರ್‌ವಾಲ್ ಕಡೆಗಿದೆ. ಕ್ಯೂ ಕಡೆ ತಲೆ ಹಾಕಬೇಡಿ.

ಐಡಿ ಇದ್ದರೆ ಕೊನೆಯ ಸಾಲಿನ ಸ್ಟೇಟಸ್ ನೋಡಿ. "ಸೆಂಟ್" ಎಂದರೆ ಆಚೆ ಕಡೆಯ ಸರ್ವರ್ 250 ಹೇಳಿ ಮೇಲನ್ನು ತನ್ನ ಕೈಗೆ ತೆಗೆದುಕೊಂಡಿದೆ. ಇನ್ನು ಅದು ಸ್ಪ್ಯಾಮ್ ಪೆಟ್ಟಿಗೆಗೆ ಹೋಯಿತೋ, ಕಾಣೆಯಾಯಿತೋ ಅವರ ಮನೆಯ ವಿಷಯ. "ಡಿಫರ್ಡ್" ಎಂದರೆ ಈಗ ಆಗಲಿಲ್ಲ, ಮತ್ತೆ ಪ್ರಯತ್ನಿಸುತ್ತದೆ. "ಬೌನ್ಸ್ಡ್" ಎಂದರೆ ಮುಗಿಯಿತು. ಅದರ ಮುಂದೆ ಆವರಣದಲ್ಲಿ ಆಚೆ ಕಡೆಯವರು ಹೇಳಿದ ಮಾತು ಹಾಗೇ ಇರುತ್ತದೆ. ಆ ಮಾತನ್ನು ಪೂರ್ತಿ ಓದಿ. ಹತ್ತರಲ್ಲಿ ಏಳೆಂಟು ಸಲ ಕಾರಣ ಅಲ್ಲೇ ಬಿಡಿಸಿ ಬರೆದಿರುತ್ತದೆ, ನಾವು ಓದದೆ ಸೆಟ್ಟಿಂಗ್ ಕೆದಕಲು ಹೋಗುತ್ತೇವೆ ಅಷ್ಟೇ.

ಅದೇ ಸಾಲಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಜಾಗ ಇದೆ. "ಡಿಲೇಸ್" ಎಂದು ಬರೆದು ಗೀಟು ಹಾಕಿ ಬೇರೆ ಮಾಡಿದ ನಾಲ್ಕು ಸಂಖ್ಯೆಗಳು, ಸೆಕೆಂಡಿನ ಲೆಕ್ಕದಲ್ಲಿ. ಮೊದಲನೆಯದು ಮೇಲ್ ಒಳಗೆ ಬಂದು ಕ್ಯೂ ಸೇರಲು ಹಿಡಿದ ಹೊತ್ತು. ಎರಡನೆಯದು ಕ್ಯೂ ನೋಡಿಕೊಳ್ಳುವವನ ಕೈಯಲ್ಲಿ ಕಾದದ್ದು. ಮೂರನೆಯದು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೇಳಿ, ಆಚೆಯವರ ಬಾಗಿಲು ತಟ್ಟಿ, ನಮಸ್ಕಾರ ಹೇಳಲು ಹೋದದ್ದು. ನಾಲ್ಕನೆಯದು ಮೇಲನ್ನು ದಾಟಿಸಲು ಹಿಡಿದದ್ದು. 0.05/0.01/30/0 ಎಂದು ಕಂಡರೆ ಮೂವತ್ತು ಸೆಕೆಂಡೂ ಬಾಗಿಲಲ್ಲೇ ಕಳೆದಿದೆ ಎಂದು ತಿಳಿಯಿತು ಅಲ್ವಾ? ಪೋಸ್ಟ್‌ಫಿಕ್ಸ್ ಕನೆಕ್ಷನ್ನಿಗೆ ಕಾಯುವ ಮಿತಿ ಸರಿಯಾಗಿ 30 ಸೆಕೆಂಡು. ದೊಡ್ಡ ಸಂಖ್ಯೆ ಮೊದಲ ಜಾಗದಲ್ಲಿದ್ದರೆ ಆ ಮೇಲ್ ಹಿಂದಿನ ಪ್ರಯತ್ನಗಳಲ್ಲಿ ಸೋತು ಆಗಲೇ ಬಹಳ ಹೊತ್ತು ಕಾದಿದೆ ಎಂದೂ ಇರಬಹುದು.

ಹೊರಗೆ ಹೋಗುತ್ತಿಲ್ಲ

"ಕನೆಕ್ಷನ್ ಟೈಮ್ಡ್ ಔಟ್" ಎಂದು ಒಂದೇ ವಿಳಾಸಕ್ಕೆ ಬಂದರೆ ಅವರ ಕಡೆ ತೊಂದರೆ, ಕಾಯಿರಿ. ಎಲ್ಲ ವಿಳಾಸಗಳಿಗೂ ಬಂದರೆ ನಿಮ್ಮ ಇಂಟರ್ನೆಟ್ ಕಂಪನಿಯೋ ಸರ್ವರ್ ಬಾಡಿಗೆಗೆ ಕೊಟ್ಟವರೋ ಹೊರಹೋಗುವ ಪೋರ್ಟ್ 25, ಅಂದರೆ ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ ಬಾಗಿಲು, ಮುಚ್ಚಿದ್ದಾರೆ. ಸ್ಪ್ಯಾಮ್ ತಡೆಯಲು ಇದು ಈಗ ಮಾಮೂಲು. ಖಚಿತ ಮಾಡಿಕೊಳ್ಳುವುದು ಸುಲಭ. ಸರ್ವರಿನಿಂದಲೇ ಯಾವುದಾದರೂ ದೊಡ್ಡ ಮೇಲ್ ಸೇವೆಯ ಎಂಎಕ್ಸ್ ಹೆಸರಿಗೆ (ಆ ಡೊಮೇನಿನ ಮೇಲ್ ಪಡೆಯುವ ಸರ್ವರಿನ ಹೆಸರು) ಪೋರ್ಟ್ 25ರಲ್ಲಿ ಟೆಲ್ನೆಟ್ ಮಾಡಿ. ಅವರ ಕಡೆಯಿಂದ 220ರಿಂದ ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ. ಸುಮ್ನೆ ನಿಂತುಬಿಟ್ಟರೆ ಮುಚ್ಚಿದೆ. ಪೋಸ್ಟ್‌ಫಿಕ್ಸ್ ತಿದ್ದಿ ಇದನ್ನು ಸರಿಮಾಡಲು ಆಗುವುದಿಲ್ಲ. ಕೇಳಿ ತೆರೆಸಬೇಕು, ಇಲ್ಲವೇ ರಿಲೇ ಹೋಸ್ಟ್ ಇಟ್ಟು ಪೋರ್ಟ್ 587ರ ಮೂಲಕ ಬೇರೊಬ್ಬರ ಕೈಯಲ್ಲಿ ಕಳಿಸಬೇಕು.

ರಿಲೇ ಬಳಸಿದರೆ ಸ್ವಂತ ಸರ್ವರ್ ನಡೆಸಿದ ಹಾಗಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳಬರುವ ಮೇಲ್, ಪೆಟ್ಟಿಗೆ, ಹಳೆಯ ಪತ್ರಗಳು ಎಲ್ಲ ನಿಮ್ಮ ಡಿಸ್ಕಿನಲ್ಲೇ ಇರುತ್ತವೆ. ಮನೆಯ ಕನೆಕ್ಷನ್ನಿನ ಮೇಲೆ ಸರ್ವರ್ ಇಟ್ಟವರಿಗಂತೂ ಹೊರಹೋಗುವುದಕ್ಕೆ ಇದೇ ನೆಮ್ಮದಿಯ ದಾರಿ.

ಬಾಗಿಲು ತೆರೆದು, ಮಾತು ಕೇಳಿ, ಆಮೇಲೆ 550 ಅಥವಾ 554 ಹೇಳಿ ಕಳಿಸಿದರೆ ಮೊದಲು ನೋಡಬೇಕಾದದ್ದು ಪಿಟಿಆರ್ ದಾಖಲೆ, ಅಂದರೆ ಐಪಿಯಿಂದ ಹೆಸರಿಗೆ ಹೋಗುವ ಉಲ್ಟಾ ದಾರಿ. ಐಪಿಯನ್ನು, ಡಿಎನ್‌ಎಸ್ ಕೇಳುವ ಡಿಗ್ ಕಮಾಂಡಿಗೆ ಎಕ್ಸ್ ಆಯ್ಕೆಯ ಜೊತೆ ಕೊಡಿ. ಒಂದು ಹೆಸರು ಬರಬೇಕು. ಆ ಹೆಸರನ್ನು ಮತ್ತೆ ಕೇಳಿದರೆ ಅದೇ ಐಪಿ ವಾಪಸ್ ಬರಬೇಕು. ಪೋಸ್ಟ್‌ಫಿಕ್ಸ್ ಹೆಲೋ ಹೇಳುವಾಗ ಕೊಡುವ ಹೆಸರೂ ಅದೇ ಆಗಿದ್ದರೆ ಒಳ್ಳೆಯದು. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಪಿಟಿಆರ್ ನಿಮ್ಮ ಡೊಮೇನಿನ ಡಿಎನ್‌ಎಸ್ ಪುಟದಲ್ಲಿ ಹಾಕುವಂಥದ್ದಲ್ಲ. ಐಪಿ ಯಾರ ಕೈಯಲ್ಲಿದೆಯೋ ಅವರೇ ಹಾಕಬೇಕು.

ನನ್ನನ್ನು ಅತಿ ಹೆಚ್ಚು ಸತಾಯಿಸಿದ ದೋಷ ಇಲ್ಲೇ ಇತ್ತು. ಒಂದೇ ವಿಳಾಸಕ್ಕೆ ಕಳಿಸಿದ ಮೇಲ್ ಒಮ್ಮೆ ಹೋಗುತ್ತಿತ್ತು, ಒಮ್ಮೆ ವಾಪಸ್ ಬರುತ್ತಿತ್ತು. ಬೆಳಿಗ್ಗೆ ಸರಿ, ಸಂಜೆ ತಪ್ಪು. ದೆವ್ವ ಹಿಡಿದಿದೆ ಅನ್ನಿಸಿತ್ತು. ಹೋದ ಮೇಲುಗಳನ್ನೂ ವಾಪಸ್ ಬಂದವುಗಳನ್ನೂ ಲಾಗಿನಲ್ಲಿ ಪಕ್ಕಪಕ್ಕ ಇಟ್ಟು ರಿಲೇ ಎಂಬ ಜಾಗ ನೋಡಿದಾಗ ಗೊತ್ತಾಯಿತು. ಹೋದವೆಲ್ಲ ಹಳೆಯ ಬಗೆಯ ಐಪಿವಿ4 ವಿಳಾಸಕ್ಕೆ ಹೋಗಿದ್ದವು, ವಾಪಸ್ ಬಂದವೆಲ್ಲ ಹೊಸ ಬಗೆಯ ಐಪಿವಿ6 ವಿಳಾಸಕ್ಕೆ. ನನ್ನ ವಿ4ಗೆ ಪಿಟಿಆರ್ ಇತ್ತು, ವಿ6ಗೆ ಇರಲಿಲ್ಲ. ಪೋಸ್ಟ್‌ಫಿಕ್ಸ್ ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುತ್ತದೆ. ತಾತ್ಕಾಲಿಕವಾಗಿ ಐನೆಟ್ ಪ್ರೊಟೊಕಾಲ್ಸ್ ಸೆಟ್ಟಿಂಗಿನಲ್ಲಿ ಐಪಿವಿ4 ಮಾತ್ರ ಇಡಿ. ಇದಕ್ಕೆ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸನ್ನು ಪೂರ್ತಿ ನಿಲ್ಲಿಸಿ ಶುರು ಮಾಡಬೇಕು. ಆಮೇಲೆ ನಿಧಾನಕ್ಕೆ ವಿ6 ಪಿಟಿಆರ್ ಹಾಕಿಸಿಕೊಂಡರಾಯಿತು.

451 ಅಥವಾ 450 ಜೊತೆಗೆ "ಗ್ರೇಲಿಸ್ಟೆಡ್" ಎಂಬ ಪದ ಕಂಡರೆ ಏನೂ ಮಾಡಬೇಡಿ. ಹೊಸ ಮುಖ ಕಂಡಾಗ ಒಮ್ಮೆ ಹಿಂದಕ್ಕೆ ಕಳಿಸಿ ಮತ್ತೆ ಬರುತ್ತಾರಾ ಎಂದು ನೋಡುವ ಪದ್ಧತಿ ಅದು. ಸ್ಪ್ಯಾಮ್ ಕಳಿಸುವ ಅಗ್ಗದ ಪ್ರೋಗ್ರಾಂ ಮತ್ತೆ ಬರುವುದಿಲ್ಲ, ನಿಮ್ಮ ಪೋಸ್ಟ್‌ಫಿಕ್ಸ್ ಬರುತ್ತದೆ.

ಕಪ್ಪುಪಟ್ಟಿಯ ವಿಚಾರ

ವಾಪಸ್ ಬಂದ ಮಾತಿನಲ್ಲಿ, ನಂಬಬಾರದ ಐಪಿಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಯ ಹೆಸರು ಇದ್ದರೆ, ಯಾವ ಪಟ್ಟಿ ಎಂದು ಮೊದಲು ನೋಡಿ. ಅವರ ಪಿಬಿಎಲ್ ಪಟ್ಟಿ ನೀವು ತಪ್ಪು ಮಾಡಿದ್ದೀರಿ ಎಂದು ಹೇಳುವುದಿಲ್ಲ. ಮನೆಗಳಿಗೆ ಕೊಡುವ ಐಪಿಗಳಂತೆ, ನೇರವಾಗಿ ಮೇಲ್ ಕಳಿಸಬಾರದ ವಿಳಾಸಗಳ ಪಟ್ಟಿ ಅದು. ಅದರಲ್ಲಿದ್ದರೆ ಮೇಲೆ ಹೇಳಿದ ರಿಲೇ ದಾರಿಯೇ ಸೈ. ಬೇರೆ ಪಟ್ಟಿಗಳಲ್ಲಿ ಇದ್ದರೆ ನಿಮ್ಮ ಸರ್ವರಿನಿಂದ ನಿಜವಾಗಿ ಸ್ಪ್ಯಾಮ್ ಹೋಗಿರಬಹುದು. ತೆಗೆಯಿರಿ ಎಂದು ಅರ್ಜಿ ಹಾಕುವ ಮುಂಚೆ ಈ ಬರಹದ ಕೊನೆಯ ಭಾಗ ಓದಿ. ಕಾರಣ ಹಾಗೇ ಬಿಟ್ಟು ಹೆಸರು ತೆಗೆಸಿದರೆ ಮರುದಿನ ಮತ್ತೆ ಸೇರುತ್ತೀರಿ.

ಇದರ ಉಲ್ಟಾ ದೋಷವೂ ಒಂದಿದೆ. ಒಳಬರುವ ಮೇಲ್ ತಡೆಯಲು ನೀವೇ ಸ್ಪ್ಯಾಮ್‌ಹೌಸ್ ಬಳಸುತ್ತಿದ್ದು, ಇದ್ದಕ್ಕಿದ್ದಂತೆ ಎಲ್ಲರ ಮೇಲುಗಳೂ ತಿರಸ್ಕಾರ ಆಗುತ್ತಿದ್ದರೆ ನಿಮ್ಮ ಸರ್ವರ್ ಯಾವ ಡಿಎನ್‌ಎಸ್ ಕೇಳುತ್ತಿದೆ ನೋಡಿ. 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಅದರ ಬದಲು 127.255.255.254 ಎಂಬ ಸಂಕೇತ ಕಳಿಸುತ್ತಾರೆ. ಯಾವುದೋ ಉತ್ತರ ಬಂತು, ಅಂದರೆ ಪಟ್ಟಿಯಲ್ಲಿದೆ ಎಂದು ಪೋಸ್ಟ್‌ಫಿಕ್ಸ್ ತಪ್ಪು ತಿಳಿಯುತ್ತದೆ. ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಸ್ವಂತ ಡಿಎನ್‌ಎಸ್ ಪ್ರೋಗ್ರಾಂ ಹಾಕಿಕೊಂಡು ಅದನ್ನು ಕೇಳುವಂತೆ ಮಾಡಿ.

ಹೋಗುತ್ತದೆ, ಆದರೆ ಸ್ಪ್ಯಾಮಿನಲ್ಲಿ ಬೀಳುತ್ತದೆ

ಇಲ್ಲಿ ನಿಮ್ಮ ಲಾಗ್ ಏನೂ ಹೇಳುವುದಿಲ್ಲ, 250 ಅಷ್ಟೇ. ಸಾಕ್ಷಿ ಇರುವುದು ಆಚೆ ಕಡೆ. ದೊಡ್ಡ ಸೇವೆಯೊಂದರಲ್ಲಿ ನಿಮ್ಮದೇ ಒಂದು ಖಾತೆ ಇಟ್ಟುಕೊಂಡು ಅಲ್ಲಿಗೆ ಮೇಲ್ ಕಳಿಸಿ, ಬಂದ ಮೇಲಿನ ಪೂರ್ತಿ ಹೆಡರ್ ತೆರೆಯಿರಿ. "ಅಥೆಂಟಿಕೇಶನ್ ರಿಸಲ್ಟ್ಸ್" ಎಂಬ ಸಾಲಿನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ "ಪಾಸ್" ಇರಬೇಕು. ಎಸ್‌ಪಿಎಫ್ ಎಂದರೆ ಡೊಮೇನಿನ ಹೆಸರಲ್ಲಿ ಯಾವ ಸರ್ವರುಗಳು ಕಳಿಸಬಹುದು ಎಂಬ ಪಟ್ಟಿ, ಡಿಕಿಮ್ ಎಂದರೆ ಮೇಲಿಗೆ ಸರ್ವರ್ ಹಾಕುವ ಸಹಿ, ಡಿಮಾರ್ಕ್ ಎಂದರೆ ಇವನ್ನು "ಫ್ರಮ್" ಸಾಲಿನ ಡೊಮೇನಿಗೆ ತಾಳೆ ನೋಡುವ ನಿಯಮ. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತದೆ, ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ನೀವು ದಿನಕ್ಕೆ ಐದು ಮೇಲ್ ಕಳಿಸುವವರಾದರೂ ಮೂರನ್ನೂ ಹಾಕಿಬಿಡಿ.

ಎಸ್‌ಪಿಎಫ್ "ಪರ್ಮ್‌ಎರರ್" ಎಂದರೆ ಎರಡು ಕಾರಣ ಸಾಮಾನ್ಯ. ಒಂದು, ಡೊಮೇನಿಗೆ ಎರಡು ಎಸ್‌ಪಿಎಫ್ ದಾಖಲೆ ಇವೆ. ಹಳೆಯದನ್ನು ಅಳಿಸದೆ ಹೊಸದು ಸೇರಿಸಿದಾಗ ಹೀಗಾಗುತ್ತದೆ. ಇನ್ನೊಂದು, "ಇನ್‌ಕ್ಲೂಡ್" ಮೇಲೆ "ಇನ್‌ಕ್ಲೂಡ್" ಹಾಕಿ ಡಿಎನ್‌ಎಸ್ ಹುಡುಕಾಟ 10ರ ಮಿತಿ ದಾಟಿದೆ. ಸಣ್ಣ ಸರ್ವರಿಗೆ ಎಂಎಕ್ಸ್ ಮತ್ತು ಐಪಿ ಬರೆದರೆ ಸಾಕು.

ಡಿಕಿಮ್ "ಫೇಲ್" ಆದರೆ ಅದರ ಪಕ್ಕದ ಕಾರಣ ಓದಿ. ಕೀ (ಸಹಿ ತಾಳೆ ನೋಡಲು ಡಿಎನ್‌ಎಸ್‌ನಲ್ಲಿ ಇಡುವ ಸಂಕೇತ) ಸಿಗಲಿಲ್ಲ ಎಂದಿದ್ದರೆ ಡಿಎನ್‌ಎಸ್ ದೋಷ. 2048 ಬಿಟ್ಟಿನ ಕೀ ಒಂದೇ ತುಂಡಿನಲ್ಲಿ ಹಿಡಿಸುವುದಿಲ್ಲ, ಟಿಎಕ್ಸ್‌ಟಿ ದಾಖಲೆಯ ಒಂದು ತುಂಡು 255 ಅಕ್ಷರಕ್ಕೆ ಮೀರುವಂತಿಲ್ಲ. ಮುರಿದು ಬರೆಯುವಾಗ ಒಂದು ಅಕ್ಷರ ನುಂಗಿದ್ದರೂ ಕೀ ಹಾಳು. ಬಾಡಿ ಹ್ಯಾಶ್, ಅಂದರೆ ಮೇಲ್ ಒಡಲಿನ ಗುರುತು ಸಂಕೇತ, ತಾಳೆಯಾಗಲಿಲ್ಲ ಎಂದಿದ್ದರೆ ಸಹಿ ಹಾಕಿದ ಮೇಲೆ ಯಾರೋ ಮೇಲಿನ ಒಡಲು ಮುಟ್ಟಿದ್ದಾರೆ. ಅಡಿಟಿಪ್ಪಣಿ ಸೇರಿಸುವ ಫಿಲ್ಟರೋ ವೈರಸ್ ನೋಡುವ ಪ್ರೋಗ್ರಾಮೋ ಸಹಿಯ ನಂತರ ಓಡುತ್ತಿರುತ್ತದೆ. ಸಹಿ ಎಲ್ಲಕ್ಕಿಂತ ಕೊನೆಗೆ ಬರುವಂತೆ ಮಾಡಿ.

ಎರಡೂ ಪಾಸ್, ಆದರೆ ಡಿಮಾರ್ಕ್ ಫೇಲ್? "ಫ್ರಮ್" ಸಾಲಿನಲ್ಲಿ ಕಾಣುವ ಡೊಮೇನ್ ಬೇರೆ, ಪಾಸಾದ ಡೊಮೇನ್ ಬೇರೆ. ಈ ಎರಡು ಡೊಮೇನುಗಳು ಹೊಂದಬೇಕು.

ಮೂರೂ ಪಾಸ್ ಆಗಿ, ಪಿಟಿಆರ್ ಸರಿಯಿದ್ದು, ಯಾವ ಪಟ್ಟಿಯಲ್ಲೂ ಇಲ್ಲದೆ, ಆದರೂ ಸ್ಪ್ಯಾಮಿಗೆ ಬೀಳುತ್ತಿದ್ದರೆ ಸೆಟ್ಟಿಂಗಿನಲ್ಲಿ ಹುಡುಕುವುದು ನಿಲ್ಲಿಸಿ. ಅದು ಒಳ್ಳೆಯ ಹೆಸರು ಗಳಿಸುವ ಪ್ರಶ್ನೆ. ನಿಮ್ಮ ಐಪಿಯ ಅಕ್ಕಪಕ್ಕದವರು ಕೆಟ್ಟವರಿರಬಹುದು, ಡೊಮೇನ್ ತೀರಾ ಹೊಸದಿರಬಹುದು. ಗೊತ್ತಿರುವವರಿಗೆ ಬರೆಯಿರಿ, "ಸ್ಪ್ಯಾಮ್ ಅಲ್ಲ" ಎಂದು ಒತ್ತಲು ಹೇಳಿ, ಉತ್ತರ ಬರೆಸಿ. ವಾರಗಟ್ಟಲೆ ಹಿಡಿಯುತ್ತದೆ. ಕೆಲವು ಐಪಿಗಳು ಎಷ್ಟು ಮಾಡಿದರೂ ಸುಧಾರಿಸುವುದಿಲ್ಲ, ಆಗ ಐಪಿ ಬದಲಿಸುವುದೇ ಅಗ್ಗ.

ಒಳಗೆ ಬರುತ್ತಿಲ್ಲ

ಪರೀಕ್ಷೆಯನ್ನು ಹೊರಗಿನಿಂದ ಮಾಡಿ. ಮನೆಯ ವೈಫೈ ಒಳಗಿಂದ ಮನೆಯ ಸರ್ವರನ್ನು ಅದರ ಹೊರಗಿನ ಐಪಿಯಿಂದ ಕರೆದರೆ ಕೆಲವು ರೂಟರುಗಳು ದಾರಿ ಕೊಡುವುದಿಲ್ಲ. ಎಲ್ಲ ಸರಿಯಿದ್ದರೂ ತಪ್ಪೆಂದು ಕಾಣುತ್ತದೆ. ಮೊಬೈಲ್ ಡೇಟಾ ಬಳಸುವುದೂ ಅಷ್ಟು ನಂಬಿಕೆಯದಲ್ಲ, ಅಲ್ಲೂ ಪೋರ್ಟ್ 25 ಮುಚ್ಚಿರಬಹುದು. ಬೇರೆ ಮೇಲ್ ಖಾತೆಯಿಂದ ಒಂದು ಮೇಲ್ ಕಳಿಸಿ ನಿಮ್ಮ ಲಾಗ್ ನೋಡುತ್ತಾ ಕೂರುವುದೇ ಮೇಲು.

ಲಾಗಿನಲ್ಲಿ "ಕನೆಕ್ಟ್ ಫ್ರಮ್" ಎಂಬ ಸಾಲೇ ಬಾರದಿದ್ದರೆ ಎಂಎಕ್ಸ್ ನೋಡಿ. ನನ್ನ ಚುಕ್ಕೆಯ ಕಥೆ ಇದೇ. ಡೊಮೇನಿನ ಡಿಎನ್‌ಎಸ್ ದಾಖಲೆಗಳಿರುವ ಝೋನ್ ಫೈಲಿನಲ್ಲಿ ಎಂಎಕ್ಸ್ ಹೆಸರಿನ ಕೊನೆಗೆ ಚುಕ್ಕೆ ಇಡದಿದ್ದರೆ ಡಿಎನ್‌ಎಸ್ ಅದರ ಹಿಂದೆ ಡೊಮೇನನ್ನು ಇನ್ನೊಮ್ಮೆ ಅಂಟಿಸುತ್ತದೆ. "ಮೇಲ್.ಉದಾಹರಣೆ.ಕಾಂ" ಎಂದು ಬರೆದದ್ದು ಹೊರಗಿನವರಿಗೆ "ಮೇಲ್.ಉದಾಹರಣೆ.ಕಾಂ.ಉದಾಹರಣೆ.ಕಾಂ" ಎಂದು ಕಾಣುತ್ತದೆ. ಫೈಲನ್ನು ಹತ್ತು ಸಲ ಓದಿದರೂ ಕಣ್ಣಿಗೆ ಬೀಳುವುದಿಲ್ಲ. ಡಿಗ್ ಕೊಟ್ಟ ಉತ್ತರ ಓದಿದರೆ ಒಂದೇ ಸಲಕ್ಕೆ ಬೀಳುತ್ತದೆ. ಎಂಎಕ್ಸ್‌ನಲ್ಲಿ ಐಪಿ ಬರೆಯುವಂತಿಲ್ಲ, ಸಿನೇಮ್ ಆಗಿರುವ, ಅಂದರೆ ಇನ್ನೊಂದು ಹೆಸರಿನ ಕಡೆ ಕೈ ತೋರಿಸುವ, ಹೆಸರೂ ಸಲ್ಲದು.

ಎಂಎಕ್ಸ್ ಸರಿಯಿದ್ದರೆ ರೂಟರಿನ ಹೊರಮುಖದ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಇದ್ದೀರಿ. ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನವರು ಒಳಗೆ ಬರಲಾರರು. ನಿಮ್ಮದೇ ಆದ ಸ್ಥಿರ ಐಪಿ ಕೇಳಿ ಪಡೆಯಬೇಕು.

ಕನೆಕ್ಟ್ ಆಗಿ "ರಿಲೇ ಆಕ್ಸೆಸ್ ಡಿನೈಡ್" ಎಂದರೆ ನಿಮ್ಮ ಡೊಮೇನ್ ತನ್ನದೇ ಎಂದು ಪೋಸ್ಟ್‌ಫಿಕ್ಸಿಗೆ ಗೊತ್ತಿಲ್ಲ. ಮೈ ಡೆಸ್ಟಿನೇಶನ್ ಅಥವಾ ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್, ಎರಡರಲ್ಲಿ ಒಂದು ಕಡೆ ಹೆಸರು ಇರಬೇಕು. ಎರಡರಲ್ಲೂ ಇರಬಾರದು. ಇದ್ದರೆ ಲಾಗಿನಲ್ಲಿ ಎಚ್ಚರಿಕೆ ಬರುತ್ತದೆ, ಮೇಲ್ ತಪ್ಪು ಕಡೆಗೆ ಹೋಗುತ್ತದೆ. ಈ ಸಂದೇಶ ನೋಡಿ ಸಿಟ್ಟಿನಲ್ಲಿ ರಿಲೇ ತಡೆಯನ್ನೇ ತೆಗೆಯಬೇಡಿ. ಬಾಗಿಲು ತೆರೆದ ಸರ್ವರನ್ನು ಸ್ಪ್ಯಾಮಿನವರು ಬೇಗ ಹುಡುಕುತ್ತಾರೆ.

ದೊಡ್ಡ ಫೈಲ್ ಇರುವ ಮೇಲ್ ಮಾತ್ರ ಬಾರದಿದ್ದರೆ ಗಾತ್ರದ ಮಿತಿ. ಪೋಸ್ಟ್‌ಫಿಕ್ಸ್ ತಾನಾಗಿ 10240000 ಬೈಟ್ ಮಿತಿ ಇಡುತ್ತದೆ, ಲಗತ್ತು ಮೇಲಿನೊಳಗೆ ಸೇರುವಾಗ ಮೂರರಲ್ಲೊಂದು ಭಾಗ ಊದಿಕೊಳ್ಳುತ್ತದೆ. 8 ಎಂಬಿ ಫೋಟೊ ಕಳಿಸಿದವರಿಗೆ ಸೋಲು ಯಾಕೆ ಎಂದು ಈಗ ಗೊತ್ತಾಯಿತು. 452 ಎಂದು ಬಂದು ಜಾಗ ಸಾಲದು ಎಂದಿದ್ದರೆ ಡಿಸ್ಕ್ ನೋಡಿ. ಜಾಗ ಇದ್ದರೂ ಐನೋಡ್, ಅಂದರೆ ಡಿಸ್ಕ್ ಇಟ್ಟುಕೊಳ್ಳಬಲ್ಲ ಫೈಲುಗಳ ಲೆಕ್ಕ, ಮುಗಿದಿರಬಹುದು, ಪ್ರತಿ ಮೇಲನ್ನೂ ಒಂದೊಂದು ಸಣ್ಣ ಫೈಲಾಗಿ ಇಡುವ ಮೇಲ್‌ಡಿರ್‌ನಲ್ಲಿ ಇದು ಆಗುವಂಥದ್ದೇ.

ಲಾಗಿನ್ ಆಗುತ್ತಿಲ್ಲ

ನಿನ್ನೆವರೆಗೆ ಸರಿಯಿದ್ದು ಇಂದು ಎಲ್ಲ ಫೋನುಗಳಲ್ಲೂ ಸರ್ಟಿಫಿಕೇಟ್ ದೂರು ಬಂದರೆ ತಾರೀಖು ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು. ಡಿಸ್ಕಿನಲ್ಲಿ ಹೊಸದು ಬಂದಿರುತ್ತದೆ, ಡವ್‌ಕಾಟ್ ಮಾತ್ರ ಹಳೆಯದನ್ನೇ ತಲೆಯಲ್ಲಿಟ್ಟುಕೊಂಡು ಕೂತಿರುತ್ತದೆ. ಫೈಲ್ ನೋಡಿ ಮೋಸಹೋಗಬೇಡಿ. ಓಪನ್‌ಎಸ್‌ಎಸ್‌ಎಲ್ ಕಮಾಂಡ್ ಬಳಸಿ, ಮೇಲ್ ಓದಲು ಫೋನುಗಳು ಬರುವ ಪೋರ್ಟ್ 993ಕ್ಕೆ ಕನೆಕ್ಟ್ ಆಗಿ, ಸರ್ವರ್ ಯಾವುದನ್ನು ತೋರಿಸುತ್ತಿದೆ ಎಂದು ನೋಡಿ. ನವೀಕರಣ ಆದ ಕೂಡಲೇ ಡವ್‌ಕಾಟ್, ಪೋಸ್ಟ್‌ಫಿಕ್ಸ್ ಎರಡೂ ರೀಲೋಡ್ ಆಗುವಂತೆ ಕಟ್ಟಿಬಿಡಿ.

ಮೇಲ್ ಓದಲು ಆಗುತ್ತದೆ, ಕಳಿಸಲು ಆಗದು ಎಂದರೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ನಡುವೆ ಲಾಗಿನ್ ತಾಳೆ ನೋಡುವ ಮಾತು ಸಾಗುವ ಸಾಕೆಟ್ ಫೈಲಿನ ಒಡೆತನ, ಅನುಮತಿ ನೋಡಿ. ಒಂದೇ ಮನೆಯವರೆಲ್ಲರಿಗೂ ಏಕಾಏಕಿ ಸರ್ವರೇ ಸಿಗದಿದ್ದರೆ ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಪ್ರೋಗ್ರಾಮಿನ ಪಟ್ಟಿ ನೋಡಿ. ಯಾವುದೋ ಡ್ರಾಯರಿನಲ್ಲಿ ಮರೆತ ಟ್ಯಾಬ್ಲೆಟ್ ಹಳೆಯ ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿಯುತ್ತಾ ಇಡೀ ಮನೆಯ ಐಪಿಗೆ ಬಹಿಷ್ಕಾರ ತಂದಿರುತ್ತದೆ.

ಕ್ಯೂ ಊದಿಕೊಂಡಿದೆ

ಪೋಸ್ಟ್‌ಕ್ಯೂ ಕಮಾಂಡಿಗೆ ಪಿ ಆಯ್ಕೆ ಕೊಟ್ಟು ನೋಡಿದಾಗ ಹತ್ತಿಪ್ಪತ್ತು ಇರಬೇಕಾದ ಕಡೆ ಸಾವಿರಗಟ್ಟಲೆ ಮೇಲ್ ಕಂಡರೆ ಬೇರೆ ಎಲ್ಲವನ್ನೂ ಬಿಡಿ. ನಿಮ್ಮ ಸರ್ವರನ್ನು ಬೇರೆಯವರು ಬಳಸುತ್ತಿದ್ದಾರೆ. ಅಳಿಸಲು ಆತುರ ಬೇಡ, ಮೊದಲು ಪೋಸ್ಟ್‌ಸೂಪರ್ ಕಮಾಂಡಿನಿಂದ ಎಲ್ಲವನ್ನೂ ಹೋಲ್ಡ್‌ಗೆ ಹಾಕಿ. ಹೊರಗೆ ಹೋಗುವುದು ನಿಲ್ಲುತ್ತದೆ, ಸಾಕ್ಷಿಯೂ ಉಳಿಯುತ್ತದೆ.

ಈಗ ಲಾಗಿನಲ್ಲಿ ಸಾಸ್ಲ್ ಯೂಸರ್‌ನೇಮ್ (ಲಾಗಿನ್ ಆಗಿ ಕಳಿಸಿದವರ ಹೆಸರು) ಎಂಬುದನ್ನು ಹುಡುಕಿ ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದೇ ಹೆಸರು ಮುಗಿಬಿದ್ದಿದ್ದರೆ ಅವರ ಪಾಸ್‌ವರ್ಡ್ ಸೋರಿದೆ. ಬದಲಿಸಿ, ಆಮೇಲೆ ಪೋಸ್ಟ್‌ಫಿಕ್ಸನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಬದಲಿಸಿದರೂ ಆಗಲೇ ಲಾಗಿನ್ ಆಗಿರುವ ಕನೆಕ್ಷನ್ ಬದುಕಿರುತ್ತದೆ ಎನ್ನುವುದನ್ನು ಮರೆತು ನಾನೊಮ್ಮೆ ಕ್ಯೂ ಮತ್ತೆ ತುಂಬುವುದನ್ನು ಬಾಯಿ ಬಿಟ್ಟು ನೋಡಿದ್ದೆ. ಯಾವ ಯೂಸರ್‌ನೇಮೂ ಇಲ್ಲದೆ ಮೇಲುಗಳು ಸರ್ವರಿನ ಒಳಗಿಂದಲೇ ಹುಟ್ಟುತ್ತಿದ್ದರೆ, ಅದೇ ಯಂತ್ರದಲ್ಲಿ ಓಡುವ ವೆಬ್‌ಸೈಟಿನ ಸಂಪರ್ಕ ಫಾರ್ಮ್ ಅಥವಾ ಪಿಎಚ್‌ಪಿ ಫೈಲ್ ಮೇಲೆ ಅನುಮಾನ ಇಡಿ. ಪೋಸ್ಟ್‌ಕ್ಯಾಟ್ ಕಮಾಂಡಿನಿಂದ ಒಂದು ಮೇಲ್ ತೆರೆದು ಹೆಡರ್ ಓದಿದರೆ ಯಾವ ಬಳಕೆದಾರನ ಹೆಸರಿನಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ.

ತೂತು ಮುಚ್ಚಿದ ಮೇಲೆ, ಸ್ಪ್ಯಾಮ್ ಕಳಿಸಿದ ವಿಳಾಸದ ಮೇಲುಗಳನ್ನು ಮಾತ್ರ ಐಡಿ ಹಿಡಿದು ಅಳಿಸಿ. ಆ ರಾಶಿಯ ನಡುವೆ ಮನೆಯವರು ಬರೆದ ನಿಜವಾದ ಮೇಲ್ ನಾಲ್ಕಾದರೂ ಇರುತ್ತವೆ. ಉಳಿದವನ್ನು ಹೋಲ್ಡ್‌ನಿಂದ ಬಿಡಿ, ಒಂದು ಗಂಟೆ ಲಾಗ್ ನೋಡುತ್ತಾ ಕೂತಿರಿ. ಕ್ಯೂ ಮತ್ತೆ ಬೆಳೆಯದಿದ್ದರೆ, ಕಪ್ಪುಪಟ್ಟಿಯವರಿಗೆ ಅರ್ಜಿ ಬರೆಯುವ ಹೊತ್ತು ಈಗ.